ಲಕ್ಕಮ್ಮತ್ತೆಯ ಅರಸಿ ಕಥೆ

ತೀರಿಕೊಂಡವರ ದನಿ ಬಸ್ಸಿನಲ್ಲಿ ಕೇಳಿಬಂದರೆ ಏನು ಮಾಡಬೇಕೆಂದು ಯಾರೂ ನಮಗೆ ಹೇಳಿಕೊಟ್ಟಿರುವುದಿಲ್ಲ. ಹೋದ ವಾರ ಗೂಡಲೂರಿನಿಂದ ತೇನಿಗೆ ಹೊರಟಿದ್ದೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು. ಚಿನ್ನಮನೂರು ದಾಟುವವರೆಗೆ ಬಾಯಿ ತೆರೆದುಕೊಂಡು ನಿದ್ದೆ ಮಾಡುವುದು ನನ್ನ ಹಳೆಯ ಅಭ್ಯಾಸ; ಆ ದಿನವೂ ಅದಕ್ಕೆಂದೇ ತಲೆಯನ್ನು ಸರಳಿಗೆ ಒರಗಿಸಿದ್ದೆ. ಮುಂದಿನ ಸೀಟಿನಲ್ಲಿ ಕಾಲೇಜಿಗೆ ಹೋಗುವ ಇಬ್ಬರು ಹುಡುಗಿಯರು ಒಂದೇ ಫೋನಿನ ಮೇಲೆ ಬಗ್ಗಿಕೊಂಡು ನಗುತ್ತಿದ್ದರು. ಆ ಫೋನಿನಿಂದ, ತಮಿಳು ತುಂಬಿದ ಆ ಬಸ್ಸಿನೊಳಗೆ, ನಮ್ಮ ಮನೆಯ ಕನ್ನಡ ಕೇಳಿಸಿತು. "ಬೆರಳ ತುದೀಗೆ ಒಂದ್ ತೊಟ್ಟು ಕರೀ ನೀರು. ಮುಗೀತು. ಅಯ್ದು ವರ್ಸ ನೀ ಕಲ್ಲು." ಹಿಂದೆಯೇ ಹೆಂಗಸರ ನಗು, ಆ ನಗುವಿನ ನಡುವೆ ಕತ್ತರಿಗಳ ಕಚಕಚ ಸದ್ದು. ಆ ಮಾತು ನನ್ನ ಸೋದರತ್ತೆ ಲಕ್ಕಮ್ಮನದು. ಅವಳು ಹೋಗಿ ಎಷ್ಟೋ ಕಾಲವಾಯಿತು.

ಆ ವೀಡಿಯೊ ನನಗೆ ಹೊಸದಲ್ಲ. ಚುನಾವಣೆ ಹತ್ತಿರ ಬಂದಾಗಲೆಲ್ಲ, ಮೈಕು ಕಟ್ಟಿಕೊಂಡ ಆಟೊಗಳ ಜೊತೆಗೆ ಅದೂ ಊರೂರು ತಿರುಗುತ್ತದೆ. ಕೈಯಿಂದ ಕೈಗೆ ಹೋಗಿ ಹೋಗಿ ಚಿತ್ರ ಮಸುಕಾಗಿದೆ. ಅತ್ತೆಯ ಮೂಗುತಿ ಈಗ ಬರೀ ಒಂದು ಬಿಳಿ ಚುಕ್ಕೆ. ಕೆಳಗೆ ತಮಿಳಿನಲ್ಲಿ ಅರ್ಥ ಓಡುತ್ತದೆ. ಮಧ್ಯೆ ಮಧ್ಯೆ ಯಾರೋ ಡೋಲಿನ ಸದ್ದು ಸೇರಿಸಿದ್ದಾರೆ. ಪ್ರತಿ ಸಲವೂ, ಅತ್ತೆಯ ಕಥೆಯಲ್ಲಿ ಮಾಂತ್ರಿಕನ ಮಾತು ಬಂದಲ್ಲಿ, ಹೊಸ ರಾಜಕಾರಣಿಯೊಬ್ಬನ ಮುಖವನ್ನು ಅಂಟಿಸಿರುತ್ತಾರೆ. ಈ ಸಲ ಅಂಟಿಸಿದ್ದ ಮನುಷ್ಯ, ಅತ್ತೆ ಬದುಕಿದ್ದಾಗ ತನ್ನ ಬೀದಿಯಾಚೆ ಯಾರಿಗೂ ಗೊತ್ತಿರಲಿಲ್ಲ. ಅವಳು ನಮ್ಮತ್ತೆ ಎಂದು ಆ ಹುಡುಗಿಯರಿಗೆ ಹೇಳೋಣವೆನಿಸಿತು. ಹೇಳಿದ್ದರೆ ಅವರು ಇನ್ನೊಂದು ಕಥೆ ಕೇಳುತ್ತಿದ್ದರು. ನನಗೆ ಗೊತ್ತಿರುವ ಇನ್ನೊಂದು ಕಥೆ ಬಸ್ಸಿನಲ್ಲಿ ಹೇಳುವಂಥದ್ದಲ್ಲ. ನಿಮಗೆ ಹೇಳುತ್ತೇನೆ.

ಅದಕ್ಕೆ ಮೊದಲು ನಮ್ಮ ಮಾತಿನ ಬಗ್ಗೆ ಸ್ವಲ್ಪ. ನಾವು ಕುಮಳಿ ಘಾಟಿಯ ಬುಡದ ಈ ತಮಿಳು ಕಣಿವೆಗೆ ಯಾವ ಕಾಲದಲ್ಲಿ ಬಂದೆವು ಎಂದು ನಮ್ಮಲ್ಲಿ ಯಾರನ್ನು ಕೇಳಿದರೂ ಕೈಯನ್ನು ವಡಕ್ಕಿಗೆ, ಅಂದರೆ ಬಡಗಲಿಗೆ, ಬೀಸಿ 'ಅಲ್ಲಿಂದ' ಎನ್ನುತ್ತಾರೆ. ಅಷ್ಟೇ ನಮ್ಮ ಚರಿತ್ರೆ. ಮನೆಯಲ್ಲಿ ಕನ್ನಡ, ಹೊಸಿಲು ದಾಟಿದರೆ ತಮಿಳು. ಓದುಬರಹವೆಲ್ಲ ತಮಿಳಿನಲ್ಲೇ. ನಾನು ಕನ್ನಡದ ಅಕ್ಷರ ಕಲಿತದ್ದು ದಿಂಡಿಗಲ್ಲಿನಲ್ಲಿ ಔಷಧಿಯ ಕೋರ್ಸು ಓದುವಾಗ, ಹಾಸ್ಟೆಲ್ಲಿನಲ್ಲಿ ಜೊತೆಗಿದ್ದ ಹೊಸೂರಿನ ಗೆಳತಿಯಿಂದ. ಅವಳು ನನ್ನ ಮಾತು ಕೇಳಿ ಮೊದಲ ದಿನ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ಅಜ್ಜಿಯ ಅಜ್ಜಿ ಹೀಗೆ ಮಾತಾಡುತ್ತಿದ್ದಿರಬೇಕಂತೆ. ಆ ಅವಮಾನಕ್ಕೇ ಹಟ ಹಿಡಿದು ಪುಸ್ತಕದ ಕನ್ನಡ ಕಲಿತೆ. ಈಗ ಬರೆಯುವಾಗ ಮದುವೆಮನೆಗೆ ಎರವಲು ಸೀರೆ ಉಟ್ಟು ಹೋದವಳ ಹಾಗೆ ನೆರಿಗೆ ಸರಿಯಿದೆಯೇ ಎಂದು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿರುತ್ತೇನೆ. ಹಾಗೆ ಕಲಿತ ಶಬ್ದಗಳಲ್ಲಿ 'ರಾಜಕೀಯ' ಒಂದು. ನಮ್ಮ ಮನೆಮಾತಿನಲ್ಲಿ ಅದಿಲ್ಲ. ನಾವು ತಮಿಳಿನಂತೆ 'ಅರಸಿಯಲ್' ಎನ್ನುತ್ತೇವೆ. ಚಿಕ್ಕಂದಿನಲ್ಲಿ ನನಗೆ ಅದು ಯಾವುದೋ ಅರಸಿಗೆ, ರಾಣಿಗೆ, ಸಂಬಂಧಪಟ್ಟ ವಿಷಯವೆಂದೇ ತೋರುತ್ತಿತ್ತು. ಗಂಡಸರು ಜಗಲಿಯ ಮೇಲೆ ಕೂತು ಅರಸಿಯಲ್ ಮಾತಾಡುತ್ತಾರೆಂದರೆ, ಯಾರೋ ಒಬ್ಬ ಅರಸಿಯ ಕಷ್ಟಸುಖ ಮಾತಾಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದೆ.

ಲಕ್ಕಮ್ಮತ್ತೆ ನಮ್ಮಪ್ಪನ ಅಕ್ಕ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಗಂಡ ಬೇಗ ಹೋದ. ಒಬ್ಬನೇ ಮಗ ಈಶ್ವರ. ಅವನು ಜೀಪು ಓಡಿಸುತ್ತಿದ್ದ. ಬೆಳಗ್ಗೆ ಏಲಕ್ಕಿ ತೋಟಕ್ಕೆ ಹೋಗುವ ಕೂಲಿಯವರನ್ನು ಗೂಡಲೂರಿನ ಸ್ಟ್ಯಾಂಡಿನಲ್ಲಿ ಹತ್ತಿಸಿಕೊಂಡು ಕುಮಳಿ ಘಾಟಿ ಏರುವುದು, ಸಂಜೆ ಇಳಿಸಿಕೊಂಡು ಬರುವುದು. ಅತ್ತೆ ಎತ್ತರದ ಹೆಂಗಸು. ದನಿ ಮಾತ್ರ ಸಣ್ಣದು. ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಯೇ ಇಲ್ಲ. ನಗಿಸುವವರು ತಾವು ನಗಬಾರದು ಎಂಬುದು ಅವಳಿಗೆ ಯಾರೂ ಕಲಿಸದೆ ಗೊತ್ತಿತ್ತು. ಮಾತು ಮುಗಿಸಿ, ತುಟಿ ಬಿಗಿದು, ಎಡ ಹುಬ್ಬನ್ನು ಒಂದಿಷ್ಟು ಎತ್ತುತ್ತಿದ್ದಳು. ಆ ಹುಬ್ಬು ಎದ್ದಿತೆಂದರೆ ಶೆಡ್ಡಿನ ಹೆಂಗಸರೆಲ್ಲ ಕತ್ತರಿ ಕೆಳಗಿಡಬೇಕಾಗುತ್ತಿತ್ತು.

ಶೆಡ್ಡು ಎಂದರೆ ನಮ್ಮ ದೊಡ್ಡಪ್ಪನ ದ್ರಾಕ್ಷಿ ಶೆಡ್ಡು. ನಮ್ಮ ಕಡೆ ದ್ರಾಕ್ಷಿಗೆ ಋತುವಿಲ್ಲ. ಒಂದು ಪಂದಲಿನಲ್ಲಿ, ಅಂದರೆ ಬಳ್ಳಿಯ ಚಪ್ಪರದಲ್ಲಿ, ಚಿಗುರುವಾಗ ಇನ್ನೊಂದರಲ್ಲಿ ಕೊಯ್ಲು ನಡೆಯುತ್ತಿರುತ್ತದೆ. ಕೊಯ್ದ ಗೊಂಚಲುಗಳನ್ನು ಶೆಡ್ಡಿನ ಚಾಪೆಯ ಮೇಲೆ ಸುರಿದರೆ, ಹೆಂಗಸರು ಸುತ್ತ ಕೂತು ಸಣ್ಣ ಕತ್ತರಿಗಳಿಂದ ಕೊಳೆತದ್ದು, ಒಡೆದದ್ದು, ಕಾಯಿ ಉಳಿದದ್ದನ್ನು ಕತ್ತರಿಸಿ ತೆಗೆದು, ಪೇಪರು ಹಾಸಿದ ಪೆಟ್ಟಿಗೆಗೆ ತುಂಬಬೇಕು. ಎಲ್ಲರೂ ಒಬ್ಬರಿಗೊಬ್ಬರು ನಂಟರು. ಬೆರಳೆಲ್ಲ ಅಂಟು, ಶೆಡ್ಡಿನ ತುಂಬ ಹುಳಿವಾಸನೆ, ಜೇನುನೊಣಗಳ ಕಾಟ. ಆ ಬೇಸರದ ಕೆಲಸಕ್ಕೆ ಅತ್ತೆಯ ಕಥೆಯೇ ಆಸರೆಯಾಗಿತ್ತು.

ಆಗ ಟಿವಿಯಲ್ಲಿ ಸಂಜೆ ಹೊತ್ತು ಒಂದು ಮಾಯಾಲೋಕದ ಧಾರಾವಾಹಿ ಬರುತ್ತಿತ್ತು. ನೀವೂ ಅಂಥದ್ದನ್ನು ನೋಡಿರುತ್ತೀರಿ. ಬೆಟ್ಟಗಳಾಚೆಯ ಒಂದು ರಾಜ್ಯ. ಅದನ್ನು ಮಾಂತ್ರಿಕನೊಬ್ಬ ವಶಪಡಿಸಿಕೊಂಡಿದ್ದಾನೆ. ಜನರನ್ನೆಲ್ಲ ಕಲ್ಲು ಮಾಡಿದ್ದಾನೆ. ಊರಿನ ನದಿಯನ್ನೇ ಒಂದು ತಾಮ್ರದ ಚೆಂಬಿನೊಳಗೆ ಮುಚ್ಚಿಟ್ಟಿದ್ದಾನೆ. ಅವನಿಗೆ ಮಾತಾಡುವ ಗಿಳಿ ಒಂದು, ಕಾವಲಿಗೆ ಏಳು ಹೆಡೆಯ ಹಾವು ಒಂದು. ಕಾಡಿನಲ್ಲಿ ಬೆಳೆಯುತ್ತಿರುವ ರಾಜಕುಮಾರನಿಗೆ ತಾನು ಯಾರೆಂದೇ ಗೊತ್ತಿಲ್ಲ. ಹಾವು ರಬ್ಬರಿನದೆಂದು ಎಳೆಮಕ್ಕಳಿಗೂ ತಿಳಿಯುತ್ತಿತ್ತು. ಆದರೂ ಆ ಹೊತ್ತಿಗೆ ನಮ್ಮ ಬೀದಿಯಲ್ಲಿ ನಾಯಿ ಬಿಟ್ಟರೆ ಬೇರೆ ಯಾರೂ ಕಾಣುತ್ತಿರಲಿಲ್ಲ. ಕೆಲವರ ಮನೆಯಲ್ಲಿ ಕರೆಂಟು ಹೋಗಿರುತ್ತಿತ್ತು, ಕೆಲವರಿಗೆ ಅಡುಗೆಯ ಕೆಲಸ. ಹಾಗಾಗಿ ಮರುದಿನ ಬೆಳಗ್ಗೆ ಶೆಡ್ಡಿನಲ್ಲಿ ಯಾರಾದರೂ, ನೆನ್ನೆ ಏನಾಯ್ತಕ್ಕ ಎಂದು ಕೇಳುವುದು, ಅತ್ತೆ ಹೇಳುವುದು. ಹೀಗೆ ಶುರುವಾಯಿತು.

ಅವಳು ಕಥೆಯನ್ನು ತಿರುಚುತ್ತಿರಲಿಲ್ಲ, ಅದರ ಅರ್ಥವನ್ನು ಓದುತ್ತಿದ್ದಳು. ಈ ಕಥೆ ನಡೆಯುತ್ತಿರುವುದು ಬೆಟ್ಟಗಳಾಚೆ ಅಲ್ಲ, ನಮ್ಮ ಬೀದಿಯ ನೀರಿನ ತೊಟ್ಟಿಯ ಹತ್ತಿರ ಎಂಬಂತೆ ಓದುತ್ತಿದ್ದಳು. ಜನ ಕಲ್ಲಾದದ್ದು ಹೇಗೆ? ಮಾಂತ್ರಿಕನ ಆಳುಗಳು ಬೆರಳ ತುದಿಗೆ ಒಂದು ತೊಟ್ಟು ಕರೀ ನೀರು ಇಟ್ಟರು. ಐದು ವರ್ಷ ಕಲ್ಲು. ಐದು ವರ್ಷ ಕಳೆದ ಮೇಲೆ ಒಂದು ದಿನಕ್ಕೆ ಎಬ್ಬಿಸುತ್ತಾರೆ. ಯಾಕೆ? ಇನ್ನೊಂದು ತೊಟ್ಟು ಇಡಬೇಕಲ್ಲ, ಅದಕ್ಕೆ. ಏಳು ಹೆಡೆಯ ಹಾವಿನ ಒಂದೊಂದು ಕೊರಳಿಗೆ ಒಂದೊಂದು ಬಣ್ಣದ ಶಾಲು. ಹೆಡೆಗಳು ಒಂದನ್ನೊಂದು ಕಚ್ಚಾಡುತ್ತವೆ, ಹೊಟ್ಟೆ ಮಾತ್ರ ಒಂದೇ. ಹಾರುವ ಕಂಬಳಿಯೆಂದರೆ ಮನೆ ಮನೆಗೆ ಹಂಚಿದ ಸೀರೆ. ಅದು ಒಂದೇ ದಿನ ಹಾರುತ್ತದೆ, ಆಮೇಲೆ ನೆಲ ಒರೆಸುವುದಕ್ಕೆ ಬಂದು ಕೂರುತ್ತದೆ. ಚೆಂಬಿನಲ್ಲಿ ಮುಚ್ಚಿಟ್ಟ ನದಿಯ ವಿಷಯವನ್ನು ಮಾತ್ರ ಅವಳು ಬಿಡಿಸಿ ಹೇಳುತ್ತಲೇ ಇರಲಿಲ್ಲ. ನಮ್ಮೂರ ಪಂಚಾಯಿತಿಯ ಚೇರ್ಮನ್ನಿನ ನೀರಿನ ಟ್ಯಾಂಕರು ಶೆಡ್ಡಿನ ಮುಂದೆಯೇ ಹೋಗುತ್ತಿತ್ತು. ಅದು ಹೋಗುವಾಗ ಅತ್ತೆ ಮಾತು ನಿಲ್ಲಿಸಿ ಹುಬ್ಬು ಎತ್ತಿದರೆ ಸಾಕಾಗಿತ್ತು.

ಅವಳದೊಂದು ಕಟ್ಟುನಿಟ್ಟು. ಯಾರ ಹೆಸರನ್ನೂ ಎತ್ತುವ ಹಾಗಿಲ್ಲ. ಯಾರಾದರೂ ಬಾಯ್ತಪ್ಪಿ ಚೇರ್ಮನ್ ಹೆಸರು ಹೇಳಿದರೆ, "ಪೇರ್ ಯಾಕಡೀ? ನಾ ಸೀರಿಯಲ್ ಹೇಳ್ತಾ ಇವ್ನಿ" ಎಂದು ಗೊಂಚಲಿನ ಮೇಲೆ ಕಣ್ಣಿಡುತ್ತಿದ್ದಳು. ಭಯ ಇರಲಿಲ್ಲವೆಂದಲ್ಲ. ಆದರೆ ನಮಗೆ ನಮ್ಮ ಮಾತೇ ಬೇಲಿಯಾಗಿತ್ತು. ಪೆಟ್ಟಿಗೆ ಹೊರುವವರು, ಲಾರಿಯ ಡ್ರೈವರುಗಳು ಎಲ್ಲ ತಮಿಳರು. ಹೆಂಗಸರು ನಗುತ್ತಿದ್ದಾರೆಂದು ಅವರೂ ನಗುತ್ತಿದ್ದರು, ಯಾಕೆಂದು ಗೊತ್ತಿಲ್ಲದೆ.

ಆ ಬೇಲಿಯನ್ನು ಮುರಿದವರು ಹಗೆಗಳಲ್ಲ. ಶೆಡ್ಡಿನ ಹೆಂಗಸೊಬ್ಬಳು ಅಭಿಮಾನದಿಂದ ಫೋನಿನಲ್ಲಿ ಹಿಡಿದು ನಂಟರ ಗುಂಪಿಗೆ ಕಳಿಸಿದಳು. ಕೊಯಮತ್ತೂರಿನಲ್ಲಿರುವ ನಂಟನೊಬ್ಬ ಇನ್ನೂ ಹೆಚ್ಚಿನ ಅಭಿಮಾನದಿಂದ, ತನಗೆ ದೊಡ್ಡಮ್ಮನಾಗುವ ಅತ್ತೆ ಹೇಳುವುದು ಎಲ್ಲರಿಗೂ ಅರ್ಥವಾಗಲೆಂದು, ಕೆಳಗೆ ತಮಿಳು ಅಕ್ಷರ ಸೇರಿಸಿದ. ಆಮೇಲೆ ಕೇಳಬೇಕೆ. ವಾರ ಕಳೆಯುವಷ್ಟರಲ್ಲಿ ಚಿನ್ನಮನೂರಿನ ಟೀ ಅಂಗಡಿಯಲ್ಲಿ ಅಪರಿಚಿತರು ಬೆರಳು ತೋರಿಸಿಕೊಂಡು 'ಐದು ವರ್ಷ ಕಲ್ಲು' ಎನ್ನತೊಡಗಿದ್ದರು.

ಚೇರ್ಮನ್ ಸಿಟ್ಟಾಗಲಿಲ್ಲ. ಅದೇ ನಮ್ಮ ಮನೆಯವರಿಗೆ ಹೆದರಿಕೆ ಹುಟ್ಟಿಸಿತು. ಬಿಳಿ ಅಂಗಿಯಲ್ಲಿ ತಾನೇ ಶೆಡ್ಡಿಗೆ ಬಂದು, ಪೆಟ್ಟಿಗೆಯ ಮೇಲೆ ಕೂತು, ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡು, ಅಕ್ಕ ಚೆನ್ನಾಗಿ ಕಥೆ ಹೇಳುತ್ತಾರಂತೆ ಎಂದ. ಹೊಸದಾಗಿ ಕಟ್ಟಿಸಿದ ಸಮುದಾಯ ಭವನದ ಉದ್ಘಾಟನೆಯಿದೆ, ಅಲ್ಲಿ ನಮ್ಮ ಜನರೆಲ್ಲರ ಮುಂದೆ ಒಂದು ಕಥೆ ಹೇಳಬೇಕು, ತಮಿಳಿನಲ್ಲಿ ಹೇಳಿದರೆ ಎಲ್ಲರಿಗೂ ತಿಳಿಯುತ್ತದೆ ಎಂದ. ಅತ್ತೆಯ ಕಾಲಿಗೆ ಬಗ್ಗಿ ನಮಸ್ಕಾರವನ್ನೂ ಮಾಡಿದನಂತೆ. ಜೀಪು ಸ್ಟ್ಯಾಂಡಿನಲ್ಲಿ ಯಾರ ಜೀಪು ಮೊದಲು ಹೋಗಬೇಕು, ಯಾವುದು ಆಮೇಲೆ ಎಂಬ ಸರದಿಯನ್ನು ನೋಡಿಕೊಳ್ಳುತ್ತಿದ್ದವನು ಚೇರ್ಮನ್ನಿನ ಭಾವಮೈದುನ. ಆ ಮಾತನ್ನು ಚೇರ್ಮನ್ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

ನಾನು ಆಗ ದಿಂಡಿಗಲ್ಲಿನಿಂದ ರಜೆಗೆ ಬಂದಿದ್ದೆ. ಕಾರ್ಯಕ್ರಮದ ದಿನ ಬೆಳಗ್ಗೆ ಅತ್ತೆಯ ಮನೆಯಲ್ಲಿ ಅವಳ ಸೀರೆ ಇಸ್ತ್ರಿ ಮಾಡುತ್ತಿದ್ದವಳು ನಾನೇ. ಮಾಡಿದ್ದಕ್ಕಿಂತ ಸುಟ್ಟದ್ದು ಹೆಚ್ಚು. ಈಶ್ವರ ಬಾಗಿಲಲ್ಲಿ ನಿಂತು, ಒಳಗೆ ಬರದೆ ಮಾತಾಡಿದ.

"ಅವ್ವಾ, ಟೀವೀಲಿ ಬಂದಂಗೇ ಹೇಳು. ಒಂದ್ ಮಾತೂ ಸೇರಿಸ್ಬ್ಯಾಡ."

"ಆಮಾ, ಸೇರಿಸಲ್ಲ," ಎಂದು ಅತ್ತೆ ಹೂಂಗುಟ್ಟಿದಳು.

"ಹುಬ್ಬೂ ಎತ್ಬ್ಯಾಡ."

ಅತ್ತೆ ನನ್ನ ಕೈಯಿಂದ ಸೀರೆ ತೆಗೆದುಕೊಂಡು, ಸುಟ್ಟ ಜಾಗ ಒಳಗೆ ಹೋಗುವಂತೆ ಮಡಿಸಿದಳು. ಆಮೇಲೆ, ಎತ್ತಲ್ಲ ಕಣ್ಣು, ಓಗು, ಎಂದಳು. ಮುದ್ದಿನವರನ್ನು ಅವಳು ಕರೆಯುತ್ತಿದ್ದದ್ದೇ 'ಕಣ್ಣು' ಎಂದು.

ಅವಳು ಮಾತು ಉಳಿಸಿಕೊಂಡಳು. ಅದಕ್ಕೆ ನಾನೇ ಸಾಕ್ಷಿ. ವೇದಿಕೆಯ ಮೇಲೆ, ಅಭ್ಯಾಸವಿಲ್ಲದ ಮೈಕಿನ ಮುಂದೆ, ಕೈ ಎಲ್ಲಿಡುವುದೆಂದು ತಿಳಿಯದೆ ಸೆರಗಿನ ತುದಿ ಹಿಡಿದುಕೊಂಡು, ತಮಿಳಿನಲ್ಲಿ ಕಥೆ ಶುರುಮಾಡಿದಳು. ಬೆಟ್ಟಗಳಾಚೆ ಒಂದು ರಾಜ್ಯವಿತ್ತು ಎಂದಳು. ಸಭೆ ಕಿವಿಗೊಟ್ಟಿತು. ಆ ರಾಜ್ಯಕ್ಕೆ ಒಬ್ಬ ಮಾಂತ್ರಿಕ ಬಂದ ಎಂದಳು. ಹಿಂದೆ ಎಲ್ಲೋ ಒಬ್ಬರು ನಕ್ಕರು. ಅವನು ನದಿಯನ್ನು ಚೆಂಬಿನೊಳಗೆ ಮುಚ್ಚಿಟ್ಟ ಎಂದಳು. ಹೆಂಗಸರ ಕಡೆಯಿಂದ ನಗು ಎದ್ದಿತು. ಅವಳು ಹೇಳಿದ್ದರಲ್ಲಿ ಟಿವಿಯಲ್ಲಿ ಬಂದದ್ದಕ್ಕಿಂತ ಒಂದಕ್ಷರ ಹೆಚ್ಚಿರಲಿಲ್ಲ. ಬೇಕಾದ್ದನ್ನೆಲ್ಲ ಜನರೇ ಸೇರಿಸಿಕೊಳ್ಳುತ್ತಿದ್ದರು. ಗಿಳಿ ಎಂದರೆ ನಗು. ಗಿಳಿ ಏನು ಹೇಳಿತು ಎಂಬಲ್ಲಿ, ಮೈಕು ಹಿಡಿದು ಚೇರ್ಮನ್ನನ್ನು ಹೊಗಳಿ ಆಗಷ್ಟೇ ಕೂತಿದ್ದವನ ಕಡೆ ತಿರುಗಿ ನಗು. ಚೇರ್ಮನ್ ಮೊದಮೊದಲು ತಾನೂ ನಕ್ಕ. ಆಮೇಲೆ ತುಟಿ ಮಾತ್ರ ನಗುವ ಆಕಾರದಲ್ಲಿ ಉಳಿಯಿತು. ಅತ್ತೆ ಹೆದರಿ ಇನ್ನಷ್ಟು ನೇರವಾಗಿ, ಇನ್ನಷ್ಟು ಸಪ್ಪೆಯಾಗಿ ಹೇಳತೊಡಗಿದಳು. ಸಪ್ಪೆಯಾದಷ್ಟೂ ನಗು ಏರಿತು. ಕೊನೆಗೆ ಅವಳು ಕಥೆ ನಿಲ್ಲಿಸಿ ಕೈಮುಗಿದು, ನಾನು ಏನೂ ಸೇರಿಸಿಲ್ಲ ಸಾಮಿ, ಟಿವಿಯಲ್ಲಿ ಬಂದದ್ದೇ, ಎಂದಳು. ಜನ ಅತಿ ಹೆಚ್ಚು ನಕ್ಕದ್ದು ಆ ಮಾತಿಗೆ. ಕುರ್ಚಿಯಿಂದ ಎದ್ದು ಚಪ್ಪಾಳೆ ಹೊಡೆದರು. ನನಗೆ ಅವಳ ಮುಖ ಕಾಣುತ್ತಿತ್ತು. ಎರಡು ಹುಬ್ಬೂ ಹಣೆಯ ಮೇಲೆ ಗೆರೆ ಎಳೆದ ಹಾಗೆ ನಿಂತಿದ್ದವು. ಅಲುಗಲಿಲ್ಲ.

ಆಮೇಲೆ ಯಾರೂ ಏನೂ ಅನ್ನಲಿಲ್ಲ. ಸ್ಟ್ಯಾಂಡಿನಲ್ಲಿ ಈಶ್ವರನ ಜೀಪು ಸರದಿಯ ಕೊನೆಗೆ ಹೋಯಿತು, ಅಷ್ಟೇ. ಅವನ ಸರದಿ ಬರುವ ಹೊತ್ತಿಗೆ ಹತ್ತುವ ಕೂಲಿಯವರು ಇರುತ್ತಿರಲಿಲ್ಲ. ಹೋಗಿ ಕೇಳಿದರೆ ಬಹಳ ಮರ್ಯಾದೆಯಿಂದ ನಾಳೆ ನೋಡೋಣ ಎನ್ನುತ್ತಿದ್ದರು. ಕೆಲವು ತಿಂಗಳಲ್ಲಿ ಜೀಪು ಮಾರಿದ. ಬೇರೆಯವರ ತರಕಾರಿ ಲಾರಿ ಓಡಿಸುವುದಕ್ಕೆ ಹೋದ. ಅವ್ವನೊಡನೆ ಜಗಳವಾಡಲಿಲ್ಲ, ಆಡಿದ್ದರೆ ಚೆನ್ನಾಗಿತ್ತು. ಅದೇ ಮನೆಯಲ್ಲಿ ಇದ್ದು, ಅವಳು ಬಡಿಸಿದ್ದನ್ನು ಉಂಡು, ತಟ್ಟೆ ತೊಳೆದಿಟ್ಟು, ಒಂದು ಮಾತಿಲ್ಲದೆ ಹೋಗುತ್ತಿದ್ದ. ಬೇಕುಬೇಡಗಳನ್ನು ನಮ್ಮಮ್ಮನ ಕೈಲಿ ಹೇಳಿಸುತ್ತಿದ್ದ. ನಡುವಿನ ಗೋಡೆಯ ಈಚೆಗೆ, ಆ ಮನೆಯಿಂದ ಪಾತ್ರೆಗಳ ಸದ್ದು ಮಾತ್ರ ಕೇಳಿಸುತ್ತಿತ್ತು.

ಅತ್ತೆ ಶೆಡ್ಡಿಗೆ ಹೋಗುತ್ತಿದ್ದಳು. ಕಥೆ ಬಿಟ್ಟಳು. ಹೆಂಗಸರು ಕೇಳಿದರೆ ಟಿವಿ ಕೆಟ್ಟಿದೆ ಎನ್ನುತ್ತಿದ್ದಳು. ಅದಕ್ಕೂ ಅವರು ನಗುತ್ತಿದ್ದರು. ಟಿವಿ ಕೆಟ್ಟಿದೆ ಎಂದರೆ ಸರ್ಕಾರ ಕೆಟ್ಟಿದೆ ಎಂದರ್ಥವಂತೆ. ಮಳೆ ಬರುವ ಹಾಗಿದೆ ಎಂದರೂ, ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಇದು ಯಾರಿಗೆ ಹೇಳಿದ ಮಾತು ಎಂದು ಹುಡುಕುತ್ತಿದ್ದರು. ರಜೆಗೆ ಬಂದಾಗ ನಾನು ಇದನ್ನು ಕಂಡು, ಅತ್ತೆ ದೊಡ್ಡ ಕಲಾವಿದೆಯಾಗಿಬಿಟ್ಟಳು ಎಂದು ಹಾಸ್ಟೆಲ್ಲಿನಲ್ಲಿ ಗೆಳತಿಯ ಮುಂದೆ ಜಂಬ ಕೊಚ್ಚಿಕೊಂಡದ್ದೂ ಉಂಟು. ಉಪ್ಪು ಹೆಚ್ಚಾಯಿತೆಂದು ಹೇಳುವ ಸ್ವಾತಂತ್ರ್ಯವೂ ಹೋದವಳ ಸಂಕಟ ಆಗ ಎಲ್ಲಿ ತಿಳಿಯಬೇಕು.

ಕೋರ್ಸು ಮುಗಿದು ನಾನು ತೇನಿಯಲ್ಲಿ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ ವರ್ಷ, ಅಮ್ಮ ಫೋನಿನಲ್ಲಿ ಸಂತೋಷದಿಂದ ಹೇಳಿದಳು: ಲಕ್ಕಮ್ಮ ಅತ್ತಿಗೆ ಶೆಡ್ಡಿನಲ್ಲಿ ಮತ್ತೆ ಕಥೆ ಶುರುಮಾಡಿದ್ದಾರೆ. ಆ ಧಾರಾವಾಹಿ ಮುಗಿದು ಕಾಲವಾಗಿತ್ತು. ಇದು ಟಿವಿಯದಲ್ಲ, ಅವಳೇ ಕಟ್ಟಿದ ಕಥೆ. ಒಬ್ಬ ಅರಸಿಯ ಕಥೆ. ನನಗೂ ಸಂತೋಷವಾಯಿತು. ಒಳ್ಳೆಯದಾಯಿತು, ಅತ್ತೆ ಚೇತರಿಸಿಕೊಂಡಳು ಎಂದು ಅಮ್ಮನಿಗೆ ಹೇಳಿ ಫೋನಿಟ್ಟೆ.

ಆ ಕಥೆಯನ್ನು ನಾನು ಕೇಳಲಿಲ್ಲ. ಶೆಡ್ಡಿನಲ್ಲಿ ಯಾವಾಗಲೂ ಅತ್ತೆಯ ಪಕ್ಕದಲ್ಲೇ ಕೂರುತ್ತಿದ್ದ ಕಾಮಾಕ್ಷಕ್ಕ ಆಮೇಲೆ ನನಗೆ ಹೇಳಿದ್ದು ಇಷ್ಟು. ಬೆಟ್ಟಗಳಾಚೆಯ ಅದೇ ರಾಜ್ಯದ ಅರಸಿ ಒಂದು ದಿನ ಮೀಯುವಾಗ ಎದೆಯ ಮೇಲೆ ಏನೋ ಕೈಗೆ ತಾಗಿತು. ನೋಡಿದರೆ ಒಂದು ಕಲ್ಲು. ಹೆಸರುಕಾಳಿನಷ್ಟು. ರಾಜ್ಯವೆಲ್ಲ ಕಲ್ಲಾದಾಗ ಇವಳೊಬ್ಬಳು ತಪ್ಪಿಸಿಕೊಂಡಿದ್ದಳಲ್ಲ, ಈಗ ಇವಳೂ ಎದೆಯಿಂದ ಕಲ್ಲಾಗುತ್ತಿದ್ದಾಳೆ. ವೈದ್ಯನ ಹತ್ತಿರ ಹೋಗಬೇಕೆಂದರೆ ಕುಮಾರ ಕರೆದುಕೊಂಡು ಹೋಗಬೇಕು. ಕುಮಾರನಿಗೋ ಮಾತಿಲ್ಲದ ಶಾಪ. ಎದೆ ಮೇಲಿನ ವಿಷಯವನ್ನು ಮಾತಿಲ್ಲದ ಮಗನಿಗೆ ಅರಸಿ ಹೇಗೆ ಹೇಳುವುದು?

ಆಗ ಪಂಚಾಯಿತಿ ಚುನಾವಣೆ ಬಂದಿತ್ತು. ಚೇರ್ಮನ್ ಸ್ಥಾನ ಹೆಂಗಸರಿಗೆ ಮೀಸಲಾಗಿ, ಚೇರ್ಮನ್ನಿನ ಹೆಂಡತಿ ನಿಂತಿದ್ದಳು. ಅರಸಿ ಯಾರೆಂದು ಶೆಡ್ಡಿನಲ್ಲಿ ಯಾರಿಗೂ ಅನುಮಾನವೇ ಇರಲಿಲ್ಲ. ಎದೆ ಕಲ್ಲು ಮಾಡಿಕೊಂಡರೆ ತಾನೆ ಆ ಕುರ್ಚಿ ಸಿಗುವುದು ಎಂದು ಒಬ್ಬಳು ನಕ್ಕಳು. ಅದು ಕಲ್ಲಲ್ಲ, ಗಂಡ ಬಚ್ಚಿಟ್ಟ ಚಿನ್ನ ಎಂದು ಇನ್ನೊಬ್ಬಳು. ದಿನಾ ಬೆಳಗ್ಗೆ ಕತ್ತರಿ ಕೈಗೆ ತೆಗೆದುಕೊಳ್ಳುವಾಗ ಯಾರಾದರೂ, ಅರಸಿಯ ಕಲ್ಲು ಎಷ್ಟಾಯ್ತಕ್ಕ ಎಂದು ಕೇಳುವುದು. ಅತ್ತೆ ಗೊಂಚಲಿನಿಂದ ಒಂದು ಹಣ್ಣು ಕಿತ್ತು ತೋರಿಸಿ, ಇಷ್ಟು, ಎನ್ನುವುದು. ಆಮೇಲೆ ಎರಡು ಹಣ್ಣು. ಆಮೇಲೆ ಒಂದು ದಿನ ನಿಂಬೆಕಾಯಿ ತಂದು ತೋರಿಸಿದಳಂತೆ. ಅವತ್ತು ಶೆಡ್ಡಿನಲ್ಲಿ ನಗು ತಡೆಯಲಾಗದೆ ಯಾರೋ ಪೆಟ್ಟಿಗೆ ಚೆಲ್ಲಿದರಂತೆ. ಅತ್ತೆಯೂ ಆ ದಿನ ನಕ್ಕಳು ಎಂದು ಕಾಮಾಕ್ಷಕ್ಕ ಹೇಳಿದಳು. ಕಥೆ ಹೇಳುವಾಗ ಅವಳು ನಕ್ಕದ್ದು ಅದೊಂದೇ ಸಲ.

ಕೊನೆಗೆ ಕಂಡುಹಿಡಿದವನು ಈಶ್ವರ. ಬಟ್ಟೆ ಒಣಹಾಕಿದ್ದ ಹಗ್ಗದಲ್ಲಿ ಅವ್ವನ ರವಿಕೆಗಳೆಲ್ಲ ಎದೆಯ ಒಂದೇ ಜಾಗದಲ್ಲಿ ಕಲೆಯಾಗಿರುವುದನ್ನು ನೋಡಿದ. ಒಳಗೆ ಹೋಗಿ, ಅಷ್ಟು ಕಾಲದ ಮೇಲೆ ಮೊದಲ ಸಲ, ಅವ್ವಾ ಎಂದು ಕರೆದ. ಅವಳು ಒಲೆಯ ಮುಂದಿನಿಂದ ತಿರುಗಿ ನೋಡಲಿಲ್ಲವಂತೆ. ಬೇರೆ ಯಾರನ್ನೋ ಕರೆಯುತ್ತಿದ್ದಾನೆ ಎಂದುಕೊಂಡಳಂತೆ.

ಅವಳನ್ನು ತೇನಿಗೆ ಕರೆತಂದರು. ದೊಡ್ಡಾಸ್ಪತ್ರೆಯಲ್ಲಿ ನೋಡಿದ ಡಾಕ್ಟರಮ್ಮ ಒಳ್ಳೆಯವರು. ನನ್ನನ್ನು ಪಕ್ಕಕ್ಕೆ ಕರೆದು, ಇಷ್ಟು ದಿನ ಯಾರಿಗೂ ಹೇಳಲೇ ಇಲ್ಲವೇ ಇವರು ಎಂದು ಕೇಳಿದರು. ಬೈದು ಕೇಳಿದ್ದಲ್ಲ, ನೊಂದು ಕೇಳಿದ್ದು. ನಾನು ಅದೇ ಪ್ರಶ್ನೆಯನ್ನು ಹೊತ್ತುಕೊಂಡು ಹೋಗಿ ಅತ್ತೆಯ ಮಂಚದ ಪಕ್ಕ ಕೂತೆ. ಅವಳ ಕೈ ಹಿಡಿದು, ಯಾಕತ್ತೆ ಹೇಳಲಿಲ್ಲ, ನಾನು ಇಲ್ಲೇ ಇದ್ದೆನಲ್ಲ, ಎಂದೆ.

ಅವಳು ನನ್ನನ್ನೇ ನೋಡಿದಳು. ದ್ರಾಕ್ಷಿಯ ಕಲೆ ಅವಳ ಉಗುರಿನ ಸುತ್ತ ಇನ್ನೂ ಇತ್ತು.

"ಹೇಳ್ದೆ ಕಣ್ಣು. ದಿನಾ ಹೇಳ್ದೆ."

ಆ ಮಾತಿನ ಅರ್ಥ ಆಗ ನನಗೆ ಆಗಲಿಲ್ಲ. ಜ್ವರದ ಮಾತು ಎಂದುಕೊಂಡೆ. ಆದದ್ದು ಮೂರ್ನಾಲ್ಕು ದಿನ ಕಳೆದು ಕಾಮಾಕ್ಷಕ್ಕ ಬಂದಾಗ. ಅವಳು ವಾರ್ಡಿನೊಳಗೆ ಬಂದು, ಮಂಚದ ಕಾಲ ಬಳಿ ನೆಲದ ಮೇಲೆ ಕೂತು, ತಂದಿದ್ದ ಕಿತ್ತಳೆಯನ್ನು ಕೊಡಲೂ ತೋಚದೆ ಮಡಿಲಲ್ಲಿಟ್ಟುಕೊಂಡು ಅಳತೊಡಗಿದಳು.

"ನಾವು ಅರಸಿಯಲ್ ಅಂದ್ಕೊಂಡೊ, ಲಕ್ಕಮ್ಮಕ್ಕ."

"ಬುಡು," ಎಂದಳು ಅತ್ತೆ. "ನಾನೂ ಅಂಗೇ ಅಲ್ವಾ ಹೇಳಿದ್ದು."

ಆ ದಿನ ಹೊರಗಿನ ಬೆಂಚಿನ ಮೇಲೆ ಕೂತು ಕಾಮಾಕ್ಷಕ್ಕ ನನಗೆ ಅರಸಿಯ ಕಥೆಯನ್ನೆಲ್ಲ ಹೇಳಿದಳು. ಹೆಸರುಕಾಳಿನಿಂದ ನಿಂಬೆಕಾಯಿಯವರೆಗೆ. ಹೇಳುತ್ತ ಹೇಳುತ್ತ, ಹಳೆಯ ನಗುವಿನ ಜಾಗ ಬಂದಾಗಲೆಲ್ಲ ಅವಳ ದನಿ ತಾನಾಗಿ ನಗುವಿಗೆ ಹೊರಳಿ, ಅಲ್ಲೇ ಮುರಿಯುತ್ತಿತ್ತು.

ಅತ್ತೆ ಆಮೇಲೆ ಕೆಲವು ತಿಂಗಳು ಇದ್ದಳು. ಈಶ್ವರ ಲಾರಿ ಬಿಟ್ಟು ಅವಳ ಜೊತೆಯೇ ಉಳಿದ. ಅವನಿಗೆ ಆಗ ಬಂದ ಮಾತಿಗೆ ಕೊನೆಯೇ ಇರಲಿಲ್ಲ. ಲಾರಿಯ ಮಾತು, ಒಡ್ಡನ್‌ಛತ್ರದ ತರಕಾರಿ ಸಂತೆಯ ಮಾತು, ಚಿಕ್ಕಂದಿನಲ್ಲಿ ಅವನು ಕಾಲುವೆಗೆ ಬಿದ್ದದ್ದು, ಸತ್ತ ನಾಯಿಯ ನೆನಪು. ಅವಳು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಅವಳು ಮಾತ್ರ ಮತ್ತೆ ಯಾವ ಕಥೆಯನ್ನೂ ಹೇಳಲಿಲ್ಲ. ನೋವಾದರೆ ನೋವು ಎಂದಳು. ನೀರು ಬೇಕಾದರೆ ನೀರು ಎಂದಳು. ಯಾರೂ ನಗಲಿಲ್ಲ. ಕೊನೆಕೊನೆಗೆ ಅದೂ ಅವಳಿಗೆ ಒಂದು ಸುಖವಾಗಿತ್ತೋ ಏನೋ ಎಂದು ನನಗೆ ಅನ್ನಿಸುತ್ತದೆ. ಚುನಾವಣೆಯಲ್ಲಿ ಚೇರ್ಮನ್ನಿನ ಹೆಂಡತಿ ಗೆದ್ದಳು. ಅತ್ತೆ ಹೋದ ದಿನ ಗಂಡ ಹೆಂಡತಿ ಇಬ್ಬರೂ ಹೂವಿನ ಹಾರ ತಂದು ಹಾಕಿ, ನಿಜವಾಗಿ ದುಃಖಪಟ್ಟು ಹೋದರು.

ಈಗ ಎಲ್ಲೆಲ್ಲೂ ಇಂಥ ಓದುಗಾರರು ಇದ್ದಾರೆ. ಯಾವ ಮಾಯಾಲೋಕದ ಸಿನಿಮಾ ಬಂದರೂ, ರಾಕ್ಷಸ ಯಾರು, ರಾಜ ಯಾರು, ಹಾವು ಯಾವ ಪಕ್ಷ ಎಂದು ಒಂದು ಗಂಟೆ ಬಿಡಿಸಿ ಹೇಳುವ ವೀಡಿಯೊ ಸಂಜೆಯೊಳಗೆ ಫೋನಿಗೆ ಬಂದು ಬೀಳುತ್ತದೆ. ನಾನೂ ನೋಡುತ್ತೇನೆ, ನಗುತ್ತೇನೆ. ಆ ವಿದ್ಯೆ ಕೆಟ್ಟದ್ದೆಂದು ಹೇಳಲಾರೆ. ಬಾಯಿಬಿಟ್ಟು ಹೇಳಲಾಗದ್ದನ್ನು ಹೇಳಿಕೊಳ್ಳಲು ನಮ್ಮ ಶೆಡ್ಡಿನವರಿಗೆ ಬೇರೆ ದಾರಿ ಏನಿತ್ತು? ಅತ್ತೆಯ ಆ ಕಥೆಗಳಿಲ್ಲದಿದ್ದರೆ ಆ ಹೆಂಗಸರು ಬೆರಳಿನ ಮಸಿಯನ್ನು ನೋಡಿಕೊಂಡು ಸುಮ್ಮನೆ ಅದನ್ನು ತೊಳೆಯುತ್ತಿದ್ದರು. ನನ್ನನ್ನು ಕೊರೆಯುವುದು ಇನ್ನೊಂದು. ಮಾಂತ್ರಿಕನೆಂದರೆ ಯಾರು, ಗಿಳಿಯೆಂದರೆ ಯಾರು ಎಂದು ನಿಮಿಷದಲ್ಲಿ ಹೇಳಬಲ್ಲ ಅಷ್ಟು ಜಾಣೆಯರಿಗೆ, ಅರಸಿಯೆಂದರೆ ಪಕ್ಕದಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತವಳು ಎಂದು ಯಾಕೆ ಹೊಳೆಯಲಿಲ್ಲ? ಅವರನ್ನು ದೂರುತ್ತಿಲ್ಲ. ನಾನು ಅಲ್ಲಿ ಕೂತಿದ್ದರೆ ನನಗೂ ಹೊಳೆಯುತ್ತಿರಲಿಲ್ಲ. ಅರ್ಥವನ್ನು ದೂರದಲ್ಲಿ ಹುಡುಕುವುದನ್ನು ಅತ್ತೆಯೇ ನಮಗೆ ಕಲಿಸಿದ್ದಳು.

ಬಸ್ಸಿನಲ್ಲಿ ಆ ದನಿ ಕೇಳಿದ ದಿನ ಅಂಗಡಿಗೆ ಹೋದಾಗ ಮಧ್ಯಾಹ್ನವಾಗಿತ್ತು. ಗಿರಾಕಿಗಳು ಕಡಿಮೆ. ಆಗ ಒಬ್ಬ ಹೆಂಗಸು ಬಂದಳು. ನನ್ನಮ್ಮನ ವಯಸ್ಸು, ಕೈಯಲ್ಲಿ ಬಾಳೆಎಲೆಯ ಕಟ್ಟು. ತಲೆನೋವಿನ ಮಾತ್ರೆ ಕೇಳಿದಳು. ಕೊಟ್ಟೆ. ತೆಗೆದುಕೊಂಡವಳು ಹೋಗದೆ, ಕಟ್ಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತ ನಿಂತಳು. ಆಮೇಲೆ ತಮಿಳಿನಲ್ಲಿ, ನಮ್ಮ ಬೀದಿಯಲ್ಲಿ ಒಬ್ಬಳಿದ್ದಾಳೆ, ಅವಳಿಗೆ ಮುಟ್ಟು ನಿಂತು ಎಷ್ಟೋ ವರ್ಷವಾಗಿದೆ, ಈಗ ಮತ್ತೆ ರಕ್ತ ಹೋಗುತ್ತಿದೆಯಂತೆ, ಅದಕ್ಕೇನಾದರೂ ಮಾತ್ರೆಯಿದೆಯೇ ಎಂದು ಕೇಳಿದಳು. ಕೇಳುವಾಗ ನನ್ನನ್ನು ನೋಡಲಿಲ್ಲ, ಹಿಂದಿನ ಕಪಾಟನ್ನು ನೋಡುತ್ತಿದ್ದಳು.

ಹಿಂದಿನ ದಿನವಾಗಿದ್ದರೆ, ಅವರಿಗೇ ಆಸ್ಪತ್ರೆಗೆ ಹೋಗಲು ಹೇಳಿ ಎಂದು ಮುಂದಿನ ಚೀಟಿಗೆ ಕೈ ಚಾಚುತ್ತಿದ್ದೆನೇನೋ. ಆ ದಿನ ಕೌಂಟರಿನ ಹಲಗೆ ಎತ್ತಿ ಅವಳನ್ನು ಒಳಗೆ ಕರೆದೆ. ನಾನು ಕೂರುವ ಸ್ಟೂಲನ್ನು ಅವಳ ಕಡೆ ಸರಿಸಿ, ಫ್ಯಾನು ಅವಳತ್ತ ತಿರುಗಿಸಿದೆ. ನಿಮಗೇ ಆಗಿರುವುದಾ ಎಂದು ಕೇಳಲಿಲ್ಲ. ಇನ್ನೊಬ್ಬಳ ಮಾತಾಗಿ ಹೇಳುವುದು ಅವಳು ಆರಿಸಿಕೊಂಡ ದಾರಿ. ಅದನ್ನು ಕೆಡಿಸಲು ಮನಸ್ಸು ಬರಲಿಲ್ಲ.

"ಕೂತುಕೊಳ್ಳಿ ಅಕ್ಕಾ," ಎಂದೆ. "ಆ ಬೀದಿಯವಳ ವಿಷಯ ಮೊದಲಿಂದ ಹೇಳಿ. ಅವಸರವಿಲ್ಲ. ಆಮೇಲೆ ನಾನೇ ಅವಳನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ."

ಅವಳು ಬಾಳೆಎಲೆಯ ಕಟ್ಟನ್ನು ನೆಲದ ಮೇಲಿಟ್ಟು ಕೂತಳು.